ಧ್ವನಿವರ್ಧಕದ ಪೆಟ್ಟಿಗೆಯೂ ಅದರೊಳಗಿನ ಗಾಳಿಯೂ

ಪೆಟ್ಟಿಗೆಯಿಲ್ಲದ ಧ್ವನಿವರ್ಧಕವೊಂದನ್ನು ಬರಿದೆ ಮೇಜಿನ ಮೇಲಿರಿಸಿ ಸಂಗೀತವನ್ನು ನುಡಿಸಿ ನೋಡಿ. ಗಾಯಕನ ಕಂಠ ಸೊರಗಿದಂತೆ, ಪಿಟೀಲು ಕೀರಲಾದಂತೆ ಕೇಳಿಸುತ್ತದೆ. ಮೃದಂಗದ ಎಡಮುಖದ ಗಂಭೀರವಾದ ನಾದವಂತೂ ಇಲ್ಲವೇ ಇಲ್ಲ. ಈಗ ಮೂರು ಅಡಿ ಉದ್ದ, ಮೂರು ಅಡಿ ಅಗಲದ ದಪ್ಪ ರಟ್ಟೊಂದರ ನಡುವೆ ಧ್ವನಿವರ್ಧಕದ ಬಾಯಿಗೆ ಸರಿಹೊಂದುವಂತೆ ದುಂಡಗೆ ಕತ್ತರಿಸಿ, ಆ ರಂಧ್ರಕ್ಕೆ ಅದನ್ನು ಒತ್ತಿ ಹಿಡಿಯಿರಿ. ಯಂತ್ರದ ಗುಂಡಿಯನ್ನು ನಾವು ತಿರುಗಿಸಿಲ್ಲ, ವಿದ್ಯುತ್ತನ್ನು ಹೆಚ್ಚಿಸಿಲ್ಲ. ಆದರೂ ಮೃದಂಗ ಎಲ್ಲಿಂದಲೋ ಎದ್ದು ಬರುತ್ತದೆ. ಒಂದು ರಟ್ಟಿನ ಹಾಳೆ ಇಷ್ಟನ್ನು ಮಾಡಬಲ್ಲುದಾದರೆ, ಲೆಕ್ಕವಿಟ್ಟು ಕಟ್ಟಿದ ಪೆಟ್ಟಿಗೆ ಇನ್ನೆಷ್ಟನ್ನು ಮಾಡಬಲ್ಲುದೆಂಬುದು ವಿಚಾರ ಮಾಡತಕ್ಕ ವಿಷಯ.

ಮನೆಯಲ್ಲಿ ಸಂಗೀತವನ್ನು ಕೇಳಲು ತಾವೇ ಒಂದು ಸಾಧನವನ್ನು ಅಣಿಮಾಡಿಕೊಳ್ಳಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಕೈಯಲ್ಲಿರುವ ಹಣವನ್ನೆಲ್ಲ ಧ್ವನಿವರ್ಧಕಕ್ಕೆ ಸುರಿದು, ಪೆಟ್ಟಿಗೆಯನ್ನು ಸಿಕ್ಕಿದ ಹಲಗೆಯಿಂದ ಮಾಡಿ ಮುಗಿಸುತ್ತಾರೆ. ಪೆಟ್ಟಿಗೆಯೆಂದರೆ ಧೂಳು ಬೀಳದಂತೆ ಕಾಯುವ ಕವಚ ಎಂಬ ಭಾವನೆಯೇ ಇದಕ್ಕೆ ಕಾರಣ. ವಾಸ್ತವವಾಗಿ, ತಗ್ಗು ಸ್ವರಗಳ ಮಟ್ಟಿಗೆ ಪೆಟ್ಟಿಗೆಯು ಧ್ವನಿವರ್ಧಕದ ಅರ್ಧಾಂಗವೇ ಸರಿ. ಸಾಧಾರಣ ಬೆಲೆಯ ಧ್ವನಿವರ್ಧಕ ತಕ್ಕ ಪೆಟ್ಟಿಗೆಯಲ್ಲಿ ಕುಳಿತರೆ, ದುಬಾರಿಯಾದದ್ದು ತಗದ ಪೆಟ್ಟಿಗೆಯಲ್ಲಿ ನುಡಿಯುವುದಕ್ಕಿಂತ ಸೊಗಸಾಗಿ ನುಡಿಯಬಲ್ಲುದು.

ಈ ಕೆಲಸಕ್ಕೆ ಅನುಕೂಲವಾದ ಸ್ಥಳಗಳಲ್ಲಿ ಬೆಂಗಳೂರಿನ ವಾಯವ್ಯದ ಅಂಚಿನ ನಾಗಸಂದ್ರವೂ ಒಂದು. ತುಮಕೂರು ರಸ್ತೆಯ ಮೇಲೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಂತಿರುವ ಈ ಊರಿನ ಸುತ್ತ ಮರಗೆಲಸದ, ಲೋಹಗೆಲಸದ ಸಣ್ಣ ಕಾರ್ಖಾನೆಗಳು ಬಹಳ. 2015ರ ಮೇ ತಿಂಗಳಲ್ಲಿ ಇಲ್ಲಿಗೆ ಮೆಟ್ರೊ ರೈಲು ಬಂತು. ಈಗ ಅದೇ ಹಸಿರು ಮಾರ್ಗದಲ್ಲಿ ಎಲ್ಲಿಯೂ ರೈಲು ಬದಲಿಸದೆ ಚಿಕ್ಕಪೇಟೆಗೆ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಧ್ವನಿವರ್ಧಕವನ್ನೂ ತಂತಿಯನ್ನೂ ಕೊಂಡು ತರಬಹುದು. ಶಬ್ದವಿದ್ಯೆಗೆ ಈ ಪ್ರದೇಶ ಹೊಸದೂ ಅಲ್ಲ. ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ರೇಡಿಯೊ ವಾಲ್ವುಗಳು ತಯಾರಾಗುತ್ತಿದ್ದ ಕಾಲವೊಂದಿತ್ತು. ಆದರೆ ನಾಗಸಂದ್ರವನ್ನು ಇಲ್ಲಿ ಹೆಸರಿಸಲು ಇವೆಲ್ಲಕ್ಕಿಂತ ಮಿಗಿಲಾದ ಕಾರಣವೊಂದಿದೆ. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪೆಟ್ಟಿಗೆಗೂ ಊರಿನ ಎತ್ತರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಮೊದಲು ಪೆಟ್ಟಿಗೆ ಏನು ಮಾಡುತ್ತದೆಂಬುದನ್ನು ನೋಡೋಣ.

ಮುಂದಿನ ಅಲೆ, ಹಿಂದಿನ ಅಲೆ

ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ಧ್ವನಿವರ್ಧಕದ ರಚನೆಯನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಪ್ರಕಟಿಸಿದರು. ಕಾಗದದ ಒಂದು ಶಂಕು. ಅದರ ತುದಿಗೆ ತಾಮ್ರದ ತಂತಿಯ ಸುರುಳಿ. ಸುರುಳಿಯ ಸುತ್ತ ಬಲವಾದ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಶಂಕುವೂ ಹಿಂದೆ ಮುಂದೆ ಅಲುಗಿ ಗಾಳಿಯನ್ನು ನೂಕುತ್ತದೆ, ಸೆಳೆಯುತ್ತದೆ.

ಶಂಕು ಮುಂದಕ್ಕೆ ಬಂದಾಗ ಅದರ ಎದುರಿನ ಗಾಳಿ ದಟ್ಟವಾಗುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಅಂದರೆ, ಒಂದೇ ಶಂಕುವಿನಿಂದ ಪರಸ್ಪರ ವಿರುದ್ಧವಾದ ಎರಡು ಅಲೆಗಳು ಹೊರಡುತ್ತವೆ. ಇವೆರಡೂ ಒಂದೆಡೆ ಕೂಡಿದರೆ, ಸಾಲವೂ ಜಮೆಯೂ ಕೂಡಿ ಸೊನ್ನೆಯಾಗುವಂತೆ, ಶಬ್ದ ಅಳಿಸಿಹೋಗುತ್ತದೆ.

ಎಲ್ಲ ಸ್ವರಗಳೂ ಹೀಗೆ ಅಳಿಸಿಹೋಗುವುದಿಲ್ಲವೇಕೆ? ಬೆಂಗಳೂರಿನ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಸೆಕೆಂಡಿಗೆ 5000 ಕಂಪನಗಳುಳ್ಳ, ಎಂದರೆ 5000 ಹರ್ಟ್ಸ್ ಆವೃತ್ತಿಯ ಸ್ವರದ ತರಂಗದೂರ 6.9 ಸೆಂಟಿಮೀಟರ್ ಮಾತ್ರ. ಇಂಥ ಅಲೆ ಶಂಕುವಿನಿಂದ ನೇರವಾಗಿ ಮುಂದಕ್ಕೆ ಸಾಗುತ್ತದೆ. ಹಿಂದಿನದರ ಗೊಡವೆ ಅದಕ್ಕಿಲ್ಲ. ಆದರೆ 50 ಹರ್ಟ್ಸ್ ಸ್ವರದ ತರಂಗದೂರ 6.9 ಮೀಟರ್. ಇಷ್ಟು ಉದ್ದದ ಅಲೆಗೆ ಅಂಗೈಯಗಲದ ಧ್ವನಿವರ್ಧಕ ಒಂದು ಅಡ್ಡಿಯೇ ಅಲ್ಲ. ಹಿಂದಿನ ವಿರಳತೆ ಅಂಚನ್ನು ಬಳಸಿ ಬಂದು ಮುಂದಿನ ದಟ್ಟಣೆಯನ್ನು ತುಂಬಿಬಿಡುತ್ತದೆ. ರಟ್ಟಿನ ಹಾಳೆ ಈ ಬಳಸುದಾರಿಯನ್ನು ಉದ್ದ ಮಾಡಿತು; ಅದರಿಂದಲೇ ಮೃದಂಗ ಮರಳಿ ಬಂದುದು. ಆದರೆ ಅತ್ಯಂತ ತಗ್ಗಿನ ಸ್ವರಗಳನ್ನೂ ರಟ್ಟಿನಿಂದಲೇ ಉಳಿಸಿಕೊಳ್ಳಬೇಕಾದರೆ ಅದು ಕೋಣೆಯ ಗೋಡೆಯಷ್ಟು ದೊಡ್ಡದಾಗಬೇಕು. ಅದನ್ನು ಮಡಿಸಿ, ಹಿಂದಿನ ಅಲೆಯನ್ನು ಸೆರೆಹಿಡಿದರೆ ಅದೇ ಪೆಟ್ಟಿಗೆ.

ಸೆರೆಸಿಕ್ಕ ಗಾಳಿ

ಸೆರೆಹಿಡಿದ ಅಲೆ ಸುಮ್ಮನಿರುವುದಿಲ್ಲ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಅದು ಹಿಂದಕ್ಕೆ ನೂಕುವುದಷ್ಟೆ? ಮುಚ್ಚಿದ ಪೆಟ್ಟಿಗೆಯ ಗಾಳಿಯೂ ಹಾಗೆಯೇ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಶಂಕುವಿಗೆ ಅದರ ಅಂಚಿನ ಮಡಿಕೆಯೇ ಒಂದು ಸ್ಪ್ರಿಂಗು. ಈಗ ಗಾಳಿಯು ಎರಡನೆಯ ಸ್ಪ್ರಿಂಗು. ತೂಕ ಅದೇ, ಸ್ಪ್ರಿಂಗು ಬಿಗಿಯಾಯಿತು. ಆದುದರಿಂದ ಶಂಕುವಿನ ಸಹಜ ಆವೃತ್ತಿ ಮೇಲೇರುತ್ತದೆ. ಆ ಆವೃತ್ತಿಗಿಂತ ಕೆಳಗಿನ ಸ್ವರಗಳನ್ನು ಮುಚ್ಚಿದ ಪೆಟ್ಟಿಗೆ ಬೇಗ ಬೇಗನೆ ಬಿಟ್ಟುಕೊಡುತ್ತ ಹೋಗುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ, ಆವೃತ್ತಿ ಎತ್ತರ, ತಗ್ಗುಸ್ವರ ಕಡಿಮೆ.

ಈ ಸ್ಪ್ರಿಂಗು ಎಷ್ಟು ಬಿಗಿ? ಮನೆಗಳಲ್ಲಿ ಬಳಸುವ ಆರೂವರೆ ಅಂಗುಲದ ಧ್ವನಿವರ್ಧಕದ ಶಂಕು ಸುಮಾರು 130 ಚದರ ಸೆಂಟಿಮೀಟರಿನಷ್ಟು ಗಾಳಿಯನ್ನು ನೂಕುತ್ತದೆಂದು ಭಾವಿಸಿ, 16 ಲೀಟರಿನ ಪೆಟ್ಟಿಗೆಯಲ್ಲಿ ಅದನ್ನು ಕೂರಿಸೋಣ. ಗಾಳಿಯ ಸ್ಪ್ರಿಂಗಿನ ಬಿಗಿ ಕಂಡುಕೊಳ್ಳಲು ಸೂತ್ರ ಸರಳವಾಗಿದೆ: ವಾತಾವರಣದ ಒತ್ತಡವನ್ನು 1.4ರಿಂದಲೂ ಶಂಕುವಿನ ವಿಸ್ತೀರ್ಣದ ವರ್ಗದಿಂದಲೂ ಗುಣಿಸಿ, ಪೆಟ್ಟಿಗೆಯ ಗಾತ್ರದಿಂದ ಭಾಗಿಸಬೇಕು. ಸಮುದ್ರತೀರದ ಮಂಗಳೂರಿನಲ್ಲಿ ಇದು ಮೀಟರಿಗೆ ಸುಮಾರು 1500 ನ್ಯೂಟನ್ ಆಗುತ್ತದೆ. ನಾಗಸಂದ್ರದಲ್ಲಿ ಸುಮಾರು 1350.

ಇಲ್ಲಿ ಊರಿನ ಎತ್ತರ ಲೆಕ್ಕಕ್ಕೆ ಬಂತು. ಸೂತ್ರದಲ್ಲಿರುವುದು ವಾತಾವರಣದ ಒತ್ತಡ. 900 ಮೀಟರ್ ಎತ್ತರದಲ್ಲಿ ಆ ಒತ್ತಡ ಸಮುದ್ರಮಟ್ಟದಲ್ಲಿರುವುದಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಬದಲಾಗಿ 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದೂ ಇದೇ ಕಾರಣದಿಂದ. ಒಂದೇ ಪೆಟ್ಟಿಗೆಯನ್ನು ಮಂಗಳೂರಿನಿಂದ ಘಟ್ಟ ಹತ್ತಿಸಿ ತಂದರೆ, ಅದರೊಳಗಿನ ಸ್ಪ್ರಿಂಗು ದಾರಿಯಲ್ಲಿ ಸಡಿಲವಾಗಿರುತ್ತದೆ!

ಧ್ವನಿವರ್ಧಕಗಳ ಜೊತೆಯಲ್ಲಿ ಬರುವ ಪಟ್ಟಿಗಳಲ್ಲಿ ಕೆಲವು ಅಂಕಗಳಿರುತ್ತವೆ. ಇವುಗಳ ಪದ್ಧತಿಯನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ. ಸಿಡ್ನಿಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ವಿಸ್ತರಿಸಿದ. ಅದಕ್ಕೆ ಮುನ್ನ ಪೆಟ್ಟಿಗೆ ಕಟ್ಟುವುದು ಬಹುಮಟ್ಟಿಗೆ ಅಂದಾಜಿನ ಕೆಲಸವಾಗಿತ್ತು. ಆ ಅಂಕಗಳಲ್ಲಿ ನಮಗೆ ಮೂರು ಮುಖ್ಯ. ಮೊದಲನೆಯದು ‘ಎಫ್.ಎಸ್.’, ಎಂದರೆ ಪೆಟ್ಟಿಗೆಯಿಲ್ಲದಾಗ ಶಂಕುವಿನ ಸಹಜ ಆವೃತ್ತಿ. ಎರಡನೆಯದು ‘ವಿ.ಎ.ಎಸ್.’, ಶಂಕುವಿನ ಸ್ವಂತ ಸ್ಪ್ರಿಂಗಿನಷ್ಟೇ ಬಿಗಿಯಾಗಿರುವ ಗಾಳಿಯ ಗಾತ್ರವಿದು, ಲೀಟರುಗಳಲ್ಲಿ. ಇದನ್ನು ನಾವು ಸಮಬಲ ಗಾತ್ರವೆಂದು ಕರೆಯೋಣ. ಮೂರನೆಯದು ‘ಕ್ಯೂ.ಟಿ.ಎಸ್.’. ತಳ್ಳುವುದನ್ನು ನಿಲ್ಲಿಸಿದ ಮೇಲೂ ಉಯ್ಯಾಲೆ ಎಷ್ಟು ಹೊತ್ತು ತೂಗುತ್ತದೆಂಬುದಕ್ಕೆ ಸಮಾನವಾದ ಅಂಕ ಇದು. ಅಯಸ್ಕಾಂತ ಬಲವಾಗಿದ್ದಷ್ಟೂ ಶಂಕು ಬೇಗ ನಿಲ್ಲುತ್ತದೆ, ಅಂಕ ಚಿಕ್ಕದಾಗುತ್ತದೆ.

ಇವುಗಳಲ್ಲಿ ಎತ್ತರಕ್ಕೆ ಮುಖ್ಯವಾಗಿ ಬದಲಾಗುವುದು ಎರಡನೆಯದು. ಸಮುದ್ರಮಟ್ಟದ ಒತ್ತಡಕ್ಕೆ ಲೆಕ್ಕ ಹಾಕಿ 18 ಲೀಟರ್ ಎಂದು ಪಟ್ಟಿಯಲ್ಲಿ ಬರೆದಿದ್ದರೆ, ನಾಗಸಂದ್ರದಲ್ಲಿ ಅದು 16 ಲೀಟರಿನ ಸಮೀಪಕ್ಕೆ ಬರುತ್ತದೆ. ಈ ಎರಡು ಲೀಟರಿನ ವ್ಯತ್ಯಾಸ ಕಿವಿಗೆ ಥಟ್ಟನೆ ತಿಳಿಯುವಂಥದಲ್ಲ. ನಿಜವನ್ನು ಹೇಳುವುದಾದರೆ, ಅಗ್ಗದ ಧ್ವನಿವರ್ಧಕಗಳಲ್ಲಿ ಪಟ್ಟಿಯ ಅಂಕಕ್ಕೂ ವಸ್ತುವಿಗೂ ಇದಕ್ಕಿಂತ ಹೆಚ್ಚಿನ ಅಂತರವಿರುವುದುಂಟು. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡುದಕ್ಕೆ ಪಟ್ಟಿಯೇ ಇರುವುದಿಲ್ಲ. ಹೀಗಿರುವಾಗ ಪಟ್ಟಿಯನ್ನು ನೆಚ್ಚಿಕೊಳ್ಳುವುದಕ್ಕಿಂತ ನಮ್ಮ ಊರಿನ ಗಾಳಿಯಲ್ಲಿ ನಮ್ಮ ಕೈಯಿಂದಲೇ ಅಳೆಯುವುದು ಲೇಸು.

ಅಡಿಗೆಮನೆಯ ಡಬ್ಬದಿಂದ ಅಳತೆ

ಇದಕ್ಕೆ ಬೇಕಾದುವು: ಸಣ್ಣ ಆಂಪ್ಲಿಫೈಯರ್, ಶುದ್ಧ ಸ್ವರಗಳನ್ನು ಹೊರಡಿಸುವ ಒಂದು ಮೊಬೈಲ್ ಫೋನು, 1000 ಓಮ್‌ನ ಒಂದು ರೋಧಕ, ಪರ್ಯಾಯ ವೋಲ್ಟೇಜನ್ನು ತೋರಿಸುವ ಮಲ್ಟಿಮೀಟರು. ಮನೆಯ 230 ವೋಲ್ಟಿನ ತಂತಿಗಳನ್ನು ಮುಟ್ಟುವ ಅಗತ್ಯ ಎಲ್ಲಿಯೂ ಇಲ್ಲ. 12 ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಆಂಪ್ಲಿಫೈಯರನ್ನೇ ಆರಿಸಿಕೊಳ್ಳಬೇಕು.

ಆಂಪ್ಲಿಫೈಯರಿನಿಂದ ರೋಧಕದ ಮೂಲಕ ಧ್ವನಿವರ್ಧಕಕ್ಕೆ ತಂತಿ ಜೋಡಿಸಿ, ಧ್ವನಿವರ್ಧಕದ ಎರಡು ತುದಿಗಳಿಗೆ ಮೀಟರನ್ನು ಹಚ್ಚಿ. ಧ್ವನಿವರ್ಧಕವನ್ನು ಕೈಯಲ್ಲಿ ಎತ್ತಿ ಹಿಡಿದು, ಫೋನಿನಲ್ಲಿ 20 ಹರ್ಟ್ಸ್‌ನಿಂದ ತೊಡಗಿ ಸ್ವರವನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಮೀಟರಿನ ಅಂಕ ಮೆಲ್ಲನೆ ಏರಿ, ಒಂದೆಡೆ ಶಿಖರವನ್ನು ಮುಟ್ಟಿ, ಮತ್ತೆ ಇಳಿಯುತ್ತದೆ. ಶಿಖರವಿರುವ ಸ್ಥಾನವೇ ಸಹಜ ಆವೃತ್ತಿ. ನಮ್ಮ ಉದಾಹರಣೆಯಲ್ಲಿ ಅದು 50 ಹರ್ಟ್ಸ್ ಎಂದಿಟ್ಟುಕೊಳ್ಳೋಣ.

ಇನ್ನು ಡಬ್ಬ. ಅಕ್ಕಿಯನ್ನೋ ರಾಗಿಹಿಟ್ಟನ್ನೋ ತುಂಬಿಡುವ, ಅಗಲ ಬಾಯಿಯ ಸ್ಟೀಲ್ ಡಬ್ಬವೊಂದನ್ನು ಮನೆಯವರ ಅಪ್ಪಣೆ ಪಡೆದು ಖಾಲಿ ಮಾಡಿಕೊಳ್ಳಿ. ಲೀಟರಿನ ಪಾತ್ರೆಯಿಂದ ನೀರು ಹೊಯ್ದು ಅದರ ಗಾತ್ರವನ್ನು ಅಳೆದು, ಚೆನ್ನಾಗಿ ಒರಸಿ. ಬಾಯಿಯ ಮೇಲೆ, ನಡುವೆ ರಂಧ್ರ ಕೊರೆದ ಪ್ಲೈವುಡ್ ತುಂಡೊಂದನ್ನಿಟ್ಟು, ಅದರ ಮೇಲೆ ಧ್ವನಿವರ್ಧಕವನ್ನು ಬೋರಲಾಗಿ ಕೂರಿಸಿ. ಅಯಸ್ಕಾಂತ ಮೇಲಕ್ಕಿರಬೇಕು, ಶಂಕುವಿನ ಬಾಯಿ ಡಬ್ಬದೊಳಕ್ಕೆ ನೋಡಬೇಕು. ಸಂದುಗಳನ್ನೆಲ್ಲ ಚಪಾತಿಯ ಕಣಕದಿಂದ ಮುಚ್ಚಿಬಿಡಿ. ಇದಕ್ಕಿಂತ ಅಗ್ಗವಾದ, ತೊಳೆದರೆ ಹೋಗುವ ಅರಕು ಬೇರೆ ಇಲ್ಲ. ಮತ್ತೆ ಶಿಖರವನ್ನು ಹುಡುಕಿ. ಅದು ಮೇಲಕ್ಕೆ ಸರಿದಿರುತ್ತದೆ.

ಡಬ್ಬ 8 ಲೀಟರಿನದಾಗಿ, ಹೊಸ ಶಿಖರ 87 ಹರ್ಟ್ಸ್‌ನಲ್ಲಿ ಸಿಕ್ಕಿತೆನ್ನೋಣ. 87ನ್ನು 50ರಿಂದ ಭಾಗಿಸಿದರೆ 1.74, ಅದರ ವರ್ಗ ಸುಮಾರು 3.03, ಅದರಲ್ಲಿ 1ನ್ನು ಕಳೆದರೆ 2.03, ಅದನ್ನು ಡಬ್ಬದ 8 ಲೀಟರಿನಿಂದ ಗುಣಿಸಿದರೆ 16.2. ಇದೇ ನಮ್ಮ ಧ್ವನಿವರ್ಧಕದ ಸಮಬಲ ಗಾತ್ರ, ನಾಗಸಂದ್ರದ ಗಾಳಿಯಲ್ಲಿ ಅಳೆದದ್ದು. ಊರಿನ ಎತ್ತರಕ್ಕಾಗಿ ಬೇರೆ ತಿದ್ದುಪಡಿ ಬೇಕಿಲ್ಲ. ಅದು ಅಳತೆಯೊಳಗೇ ಸೇರಿಹೋಗಿದೆ. ಇನ್ನೂ ನಯವಾದ ಅಳತೆ ಬೇಕೆನ್ನುವವರು ಶಂಕುವಿನ ಗುಳಿಯಲ್ಲಿರುವ ಗಾಳಿಯನ್ನೂ ಡಬ್ಬದ ಗಾತ್ರಕ್ಕೆ ಸೇರಿಸಿಕೊಳ್ಳಬಹುದು.

ಪೆಟ್ಟಿಗೆಯ ಗಾತ್ರವನ್ನು ಗೊತ್ತುಮಾಡುವುದು ಇನ್ನು ಸುಲಭ. ಪೆಟ್ಟಿಗೆಯಲ್ಲಿ ಕುಳಿತ ಶಂಕುವಿನ ಆವೃತ್ತಿ ಯಾವ ಪ್ರಮಾಣದಲ್ಲಿ ಏರುವುದೋ, ಮೂರನೆಯ ಅಂಕವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಪೆಟ್ಟಿಗೆಯೊಳಗೆ ಅದು 0.7ರ ಸುಮಾರಿನಲ್ಲಿದ್ದರೆ ತಗ್ಗುಸ್ವರ ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. 1ನ್ನು ಮೀರಿದರೆ ಪ್ರತಿಯೊಂದು ಮೃದಂಗದ ಪೆಟ್ಟಿಗೂ ಒಂದೇ ಬಗೆಯ ‘ಢುಂ’ ಎಂಬ ಬಾಲ ಅಂಟಿಕೊಳ್ಳುತ್ತದೆ. ಮದುವೆಮನೆಯ ಧ್ವನಿವರ್ಧಕಗಳಲ್ಲಿ ಅನೇಕರು ಮೆಚ್ಚುವ ಗುಣ ಇದೇ. ಆದರೆ ಅದು ಸಂಗೀತದಲ್ಲಿರುವುದಲ್ಲ, ಪೆಟ್ಟಿಗೆ ಸೇರಿಸುವುದು. ನಮ್ಮ ಧ್ವನಿವರ್ಧಕದ ಅಂಕ 0.5 ಆಗಿದ್ದರೆ 0.7ಕ್ಕೆ ಏರಲು 1.4 ಪಟ್ಟು ಬೇಕು. 1.4ರ ವರ್ಗ ಸುಮಾರು 2. ಒಂದನ್ನು ಕಳೆದರೆ 1. ಸಮಬಲ ಗಾತ್ರವನ್ನು ಇದರಿಂದ ಭಾಗಿಸಬೇಕು. ಆದುದರಿಂದ ಪೆಟ್ಟಿಗೆಯೂ 16 ಲೀಟರ್. ಅದರಲ್ಲಿ ಆವೃತ್ತಿ ಸುಮಾರು 70 ಹರ್ಟ್ಸ್. ಇದೇ ಲೆಕ್ಕದಿಂದ ಅಂಕ 0.4 ಆಗಿದ್ದರೆ ಏಳೂವರೆ ಲೀಟರ್ ಸಾಕು, 0.6 ಆಗಿದ್ದರೆ 40 ಲೀಟರನ್ನು ಮೀರಬೇಕು. ಪಟ್ಟಿ ದೊರೆಯದ ಹಳೆಯ ಧ್ವನಿವರ್ಧಕಕ್ಕೆ, ಅಳೆದ ಸಮಬಲ ಗಾತ್ರದಷ್ಟೇ ದೊಡ್ಡ ಪೆಟ್ಟಿಗೆಯಿಂದ ಆರಂಭಿಸುವುದು ವಿವೇಕ.

ಉದ್ದ, ಅಗಲ, ಆಳ

ಧ್ವನಿವರ್ಧಕದ ಹಿಂಭಾಗವೂ ಒಳಗಿನ ಆಧಾರಪಟ್ಟಿಯೂ ಸುಮಾರು ಒಂದು ಲೀಟರ್ ಸ್ಥಳವನ್ನು ನುಂಗುವುದರಿಂದ ಒಳಗಾತ್ರ 17 ಲೀಟರ್ ಇರಬೇಕು. ಇದನ್ನು ಘನಾಕೃತಿಯಲ್ಲಿ ಕಟ್ಟಿದರೆ ಪ್ರತಿಯೊಂದು ಬದಿಯೂ 25.7 ಸೆಂಟಿಮೀಟರ್ ಆಗುತ್ತದೆ. ಹಾಗೆ ಕಟ್ಟಬಾರದು. ಎದುರುಬದುರಿನ ಗೋಡೆಗಳ ನಡುವೆ, ಅರ್ಧ ತರಂಗದೂರ ಸರಿಯಾಗಿ ಹಿಡಿಸುವ ಸ್ವರವೊಂದು ನಿಂತು ಮೊಳಗುತ್ತದೆ. 25.7 ಸೆಂಟಿಮೀಟರಿಗೆ ಅದು 671 ಹರ್ಟ್ಸ್. ಘನಾಕೃತಿಯಲ್ಲಿ ಮೂರು ಜೊತೆ ಗೋಡೆಗಳೂ ಇದೇ ಸ್ವರವನ್ನು ಹಿಡಿದು ನುಡಿದರೆ, ಹಾಡುಗಾರ್ತಿಯ ಕಂಠದ ನಟ್ಟನಡುವೆ ಒಂದು ಗಂಟು ಬಿದ್ದಂತಾಗುತ್ತದೆ. ಅದಕ್ಕೆ ಬದಲಾಗಿ 2ರ ಘನಮೂಲವಾದ 1.26ನ್ನು ತೆಗೆದುಕೊಂಡು, ಒಂದು ಬದಿಯನ್ನು ಅದರಿಂದ ಭಾಗಿಸಿ, ಇನ್ನೊಂದನ್ನು ಗುಣಿಸಿದರೆ ಗಾತ್ರ ಬದಲಾಗದೆ ಆಕಾರ ಬದಲಾಗುತ್ತದೆ: ಅಗಲ 20.4, ಆಳ 25.7, ಎತ್ತರ 32.4 ಸೆಂಟಿಮೀಟರ್. ಸ್ವರಗಳು ಈಗ 846, 671, 532 ಹರ್ಟ್ಸ್ ಎಂದು ಹಂಚಿಹೋದವು.

ಹಲಗೆ 18 ಮಿಲಿಮೀಟರ್ ದಪ್ಪದ್ದಾದರೆ ಹೊರಗಿನ ಅಳತೆ 24 ಅಗಲ, 29.3 ಆಳ, 36 ಎತ್ತರವಾಗುತ್ತದೆ. ಮುಂದಿನ ಮತ್ತು ಹಿಂದಿನ ಹಲಗೆಗಳು 24ಕ್ಕೆ 36. ಪಕ್ಕದವು ಎರಡು, 25.7ಕ್ಕೆ 36, ಮೇಲಿನದು, ಕೆಳಗಿನದು 20.4ಕ್ಕೆ 25.7. ಎರಡು ಪೆಟ್ಟಿಗೆಗಳಿಗೆ ಒಟ್ಟು ಒಂದು ಚದರ ಮೀಟರಿಗೂ ಕಡಿಮೆ. ಎಂಟು ಅಡಿಗೆ ನಾಲ್ಕು ಅಡಿಯ ಇಡೀ ಹಲಗೆಯನ್ನು ಕೊಳ್ಳಬೇಕಾಗಿಲ್ಲ. ಅಡಿಗೆಮನೆಯ ಕಪಾಟುಗಳನ್ನು ಮಾಡುವ ಬಡಗಿಗಳ ಬಳಿ ಉಳಿದ ತುಂಡುಗಳಲ್ಲೇ ಇದು ಸಿಕ್ಕುವುದುಂಟು. ಅವರ ಯಂತ್ರಗರಗಸದಲ್ಲೇ ಕೊಯ್ಯಿಸಿಕೊಂಡರೆ ಮೂಲೆಗಳು ನೆಟ್ಟಗೆ ಬರುತ್ತವೆ. ಮನೆಯ ಕೈಗರಗಸದಿಂದ ನಾಲ್ಕು ದಿನ ಹೆಣಗುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ.

ಹಲಗೆ ಯಾವುದಿರಬೇಕು? ಪ್ಲೈವುಡ್ ಆಗಬಹುದು, ಒತ್ತಿದ ಮರದ ನಾರಿನ ಎಂ.ಡಿ.ಎಫ್. ಹಲಗೆಯೂ ಆಗಬಹುದು. ಪ್ಲೈವುಡ್ ಕೊಳ್ಳುವಾಗ ಅದರ ಮೇಲೆ ಐ.ಎಸ್. 303 ಎಂಬ ಭಾರತೀಯ ಮಾನಕದ ಗುರುತನ್ನು ನೋಡಿಕೊಳ್ಳಬೇಕು. ಒಳಪದರಗಳಲ್ಲಿ ಪೊಳ್ಳುಗಳಿರುವ ಹಲಗೆ ಒಂದೊಂದು ಸ್ವರಕ್ಕೆ ಗಿರ್ರೆನ್ನುತ್ತದೆ. ಎಂ.ಡಿ.ಎಫ್. ಸಮನಾಗಿ ಕೊಯ್ಯಲು ಬರುತ್ತದೆ, ಆದರೆ ನೀರು ತಗುಲಿದರೆ ಊದಿಕೊಳ್ಳುತ್ತದೆ. ಅದರ ಧೂಳು ಬಹು ನವುರು; ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ ಅದು ಶ್ವಾಸಕ್ಕೆ ಹೋಗಬಾರದು. ಮೂಗುಬಾಯಿಗಳಿಗೆ ಕವಚ ಕಟ್ಟಿಕೊಂಡು, ಬಯಲಿನಲ್ಲಿ ಕೊಯ್ಯಿರಿ.

ಹದಿನೆಂಟು ಮಿಲಿಮೀಟರ್ ದಪ್ಪ ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಶಂಕು 3 ಮಿಲಿಮೀಟರ್ ಒಳಸರಿದಾಗ ಪೆಟ್ಟಿಗೆಯೊಳಗಿನ ಒತ್ತಡ ಸುಮಾರು 310 ಪ್ಯಾಸ್ಕಲ್ ಏರುತ್ತದೆ. ಪಕ್ಕದ ಹಲಗೆಯ ಮೇಲೆ ಇದರಿಂದ ಬೀಳುವ ಬಲ ಎರಡೂವರೆ ಕಿಲೋಗ್ರಾಮ್ ತೂಕಕ್ಕೂ ಹೆಚ್ಚು. ಮರುಗಳಿಗೆಯಲ್ಲಿ ಅಷ್ಟೇ ಬಲ ಒಳಕ್ಕೆ ಎಳೆಯುತ್ತದೆ. ಸೆಕೆಂಡಿಗೆ 50 ಸಲ ಹೀಗೆ ನೂಕಿಸಿಕೊಂಡು ಎಳೆಸಿಕೊಳ್ಳುವ ಹಲಗೆ ತೆಳುವಾಗಿದ್ದರೆ ತಾನೇ ಎರಡನೆಯ ಧ್ವನಿವರ್ಧಕವಾಗಿಬಿಡುತ್ತದೆ. ಬಾಗುವಿಕೆಯನ್ನು ಎದುರಿಸುವ ಶಕ್ತಿ ದಪ್ಪದ ಘನದಂತೆ ಏರುತ್ತದೆ. ಅದರಿಂದ 18 ಮಿಲಿಮೀಟರಿನ ಹಲಗೆ 9 ಮಿಲಿಮೀಟರಿನದಕ್ಕಿಂತ ಎಂಟು ಪಟ್ಟು ಬಿಗಿ. ಪಕ್ಕದ ಹಲಗೆಗಳೆರಡನ್ನೂ ನಡುಮಧ್ಯದಿಂದ ಸ್ವಲ್ಪ ಸರಿದ ಕಡೆ ಒಂದು ಅಡ್ಡಪಟ್ಟಿಯಿಂದ ಬೆಸೆದರೆ ಇನ್ನೂ ಒಳ್ಳೆಯದು.

ಮರದ ಬಿಳಿಯ ಅಂಟನ್ನು ಅಂಚಿನ ಉದ್ದಕ್ಕೂ ಸವರಿ, ತಿರುಪುಮೊಳೆ ಹಾಕಿ, ಮೂಲೆಮಟ್ಟದಿಂದ ಪರೀಕ್ಷಿಸಿ, ಒಂದು ರಾತ್ರಿ ಬಿಡಬೇಕು. ಆರು ಹಲಗೆಗಳನ್ನೂ ಅಂಟಿಸಿಬಿಡಬಹುದು. ಒಳಗೆ ಕೈಹಾಕಲು ಧ್ವನಿವರ್ಧಕದ ರಂಧ್ರವೇ ಸಾಕು. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಪೆಟ್ಟಿಗೆಯನ್ನೂ ತಟ್ಟಿ ನೋಡಿ. ಮಡಕೆ ಟಣ್ ಎನ್ನಬೇಕು, ಪೆಟ್ಟಿಗೆ ಎನ್ನಬಾರದು.

ಕಂಬಳಿಯೂ ಲಾಪ್ಲಾಸನೂ

ಒಳಗೋಡೆಗಳಿಗೆ ಹಳೆಯ ಕುರಿಕಂಬಳಿಯ ತುಂಡುಗಳನ್ನು ಹೊಡೆದು, ನಡುವೆ ಹಿಂಜಿದ ಹತ್ತಿಯನ್ನು ಸಡಿಲವಾಗಿ ತುಂಬುವುದು ರೂಢಿ. ನಿಂತು ಮೊಳಗುವ ಸ್ವರಗಳನ್ನು ಇದು ಹೀರಿಕೊಳ್ಳುತ್ತದೆ. ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಪರಿಣಾಮವಿದೆ. ನ್ಯೂಟನ್ ಶಬ್ದದ ವೇಗವನ್ನು ಲೆಕ್ಕ ಹಾಕಿದಾಗ ಉತ್ತರ ಕಡಿಮೆ ಬಂದುದನ್ನೂ, ಗಾಳಿ ಒತ್ತಿಸಿಕೊಂಡಾಗ ಬಿಸಿಯಾಗುವುದನ್ನು ಗಣಿಸಿ 1.4 ಎಂಬ ಗುಣಕದಿಂದ ಲಾಪ್ಲಾಸ್ ಅದನ್ನು ತಿದ್ದಿದುದನ್ನೂ ಕಾಲೇಜಿನ ಪುಸ್ತಕಗಳಲ್ಲಿ ಓದಿರುತ್ತೇವೆ. ನಮ್ಮ ಸ್ಪ್ರಿಂಗಿನ ಸೂತ್ರದಲ್ಲಿ ಬಂದ 1.4 ಅದೇ. ಹತ್ತಿಯ ಎಳೆಗಳು ಆ ಬಿಸಿಯನ್ನು ಹೀರಿ ಮತ್ತೆ ಬಿಟ್ಟುಕೊಡುವುದರಿಂದ ಗಾಳಿಯ ಉಷ್ಣ ಏರಲಾರದು. ಗುಣಕ 1ರ ಕಡೆಗೆ ಇಳಿಯುತ್ತದೆ, ಸ್ಪ್ರಿಂಗು ಸಡಿಲವಾಗುತ್ತದೆ, ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದಾದಂತೆ ವರ್ತಿಸುತ್ತದೆ. ಪೂರ್ತಿ 1.4 ಪಟ್ಟಿನ ಲಾಭ ಕೈಗೆ ಹತ್ತುವುದಿಲ್ಲ. ಅದರಲ್ಲಿ ಒಂದು ಪಾಲು ಸಿಕ್ಕುತ್ತದೆ. ನ್ಯೂಟನ್ನನ ತಪ್ಪು ಲೆಕ್ಕ ಸರಿಯಾಗುವ ಸ್ಥಳ ಹತ್ತಿ ತುಂಬಿದ ಪೆಟ್ಟಿಗೆಯೊಳಗಿದೆ ಎಂದರೆ ವಿನೋದವಲ್ಲ. ಹತ್ತಿಯನ್ನು ಗಿಡಿದು ತುಂಬಬಾರದು. ಗಿಡಿದರೆ ಅದೇ ಗಾಳಿಯ ಸ್ಥಳವನ್ನು ಕದಿಯುತ್ತದೆ.

ಗಾಳಿಯೇ ಮುಖ್ಯ ಸ್ಪ್ರಿಂಗಾಗಲಿ ಎಂದು ಶಂಕುವನ್ನು ಬೇಕೆಂದೇ ಸಡಿಲವಾಗಿ ತೂಗಿಸಿ, ಚಿಕ್ಕ ಪೆಟ್ಟಿಗೆಯಿಂದ ಆಳವಾದ ಸ್ವರವನ್ನು ಹೊರಡಿಸಿ 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಲ್ಲರನ್ನೂ ಬೆರಗುಗೊಳಿಸಿದ. ಕಾಗದದ ಮಡಿಕೆಗಿಂತ ಗಾಳಿ ಹೆಚ್ಚು ನಿಯಮಬದ್ಧವಾದ ಸ್ಪ್ರಿಂಗೆಂಬುದೇ ಅವನ ಯುಕ್ತಿ.

ಘಟದಂಥ ಪೆಟ್ಟಿಗೆ

ಅಂಗಡಿಯ ಪೆಟ್ಟಿಗೆಗಳಲ್ಲಿ ಒಂದು ತೂತೂ ಅದರೊಳಗೆ ಕೊಳವೆಯೂ ಇರುವುದನ್ನು ಓದುಗರು ನೋಡಿರಬಹುದು. ಬೆಲ್ ಪ್ರಯೋಗಾಲಯದ ಥುರಾಸ್ ಎಂಬುವನಿಗೆ 1932ರಲ್ಲಿ ಇದರ ಹಕ್ಕುಪತ್ರ ದೊರೆಯಿತು. ಬಿಂದಿಗೆಯ ಬಾಯಿಗೆ ಅಡ್ಡಲಾಗಿ ಊದಿದರೆ ಗಂಭೀರವಾದ ಒಂದೇ ಸ್ವರ ಹೊರಡುತ್ತದೆ; ನೀರು ತುಂಬುತ್ತ ಬಂದಂತೆ ಸ್ವರ ಏರುತ್ತದೆ. ಕೊಳವೆಯುಳ್ಳ ಪೆಟ್ಟಿಗೆಯೂ ಅಂಥ ಬಿಂದಿಗೆಯೇ, ಘಟವೇ. ಶಂಕು ಸೋಲುವ ಸ್ವರದ ಬಳಿ ಕೊಳವೆಯ ಗಾಳಿ ತಾನು ನುಡಿದು ಕೈಗೂಡಿಸುತ್ತದೆ. 16 ಲೀಟರಿನ ಪೆಟ್ಟಿಗೆಯನ್ನು 45 ಹರ್ಟ್ಸ್‌ಗೆ ಶ್ರುತಿಮಾಡಲು 5 ಸೆಂಟಿಮೀಟರ್ ಒಳವ್ಯಾಸದ ಪಿ.ವಿ.ಸಿ. ಕೊಳವೆ ಸುಮಾರು 14.5 ಸೆಂಟಿಮೀಟರ್ ಉದ್ದವಿರಬೇಕು.

ಇಲ್ಲೊಂದು ಚಮತ್ಕಾರವಿದೆ. ಘಟದಲ್ಲಿ ಸ್ಪ್ರಿಂಗೂ ಗಾಳಿಯೇ, ತೂಗುವ ತೂಕವೂ ಗಾಳಿಯೇ. ಎತ್ತರಕ್ಕೆ ಹೋದಾಗ ಒತ್ತಡ ಇಳಿದಷ್ಟೇ ಸಾಂದ್ರತೆಯೂ ಇಳಿಯುತ್ತದೆ. ಆದುದರಿಂದ ಉಷ್ಣ ಒಂದೇ ಆಗಿದ್ದರೆ ಕೊಳವೆಯ ಶ್ರುತಿ ಮಂಗಳೂರಿನಲ್ಲೂ ನಾಗಸಂದ್ರದಲ್ಲೂ ಒಂದೇ. ಮುಚ್ಚಿದ ಪೆಟ್ಟಿಗೆಯಲ್ಲಿ ತೂಗುವುದು ಕಾಗದದ ಶಂಕು; ಅದರ ತೂಕ ಘಟ್ಟ ಹತ್ತಿದರೂ ಇಳಿಯದು. ಅದಕ್ಕಾಗಿಯೇ ಅದರ ಆವೃತ್ತಿ ಬದಲಾಗುವುದು. ಇಷ್ಟಾದರೂ ಮೊದಲ ಸಲ ಕಟ್ಟುವವರಿಗೆ ಮುಚ್ಚಿದ ಪೆಟ್ಟಿಗೆಯೇ ಮೇಲು. ಕೊಳವೆ 0.4ಕ್ಕಿಂತ ಕಡಿಮೆ ಅಂಕದ ಧ್ವನಿವರ್ಧಕಕ್ಕೆ ಹೊಂದುತ್ತದೆ. ಅಳತೆ ತಪ್ಪಿದರೆ ಒಂದೇ ಸ್ವರವನ್ನು ಒದರುತ್ತದೆ. ಮುಚ್ಚಿದ ಪೆಟ್ಟಿಗೆ ಒಂದೆರಡು ಲೀಟರಿನ ತಪ್ಪನ್ನು ಮನ್ನಿಸುತ್ತದೆ.

ಕೊನೆಯ ಪರೀಕ್ಷೆಗಳು

ಧ್ವನಿವರ್ಧಕವನ್ನು ರಬ್ಬರಿನ ತೆಳು ಪಟ್ಟಿಯ ಮೇಲೆ ಕೂರಿಸಿ ಬಿಗಿದ ಬಳಿಕ, ಶಂಕುವನ್ನು ಎರಡು ಕಡೆಗಳಲ್ಲಿ ಬೆರಳಿನಿಂದ ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಅದು ನಿಧಾನವಾಗಿ ಹಿಂದಕ್ಕೆ ಬಂದರೆ ಪೆಟ್ಟಿಗೆ ಗಾಳಿಯನ್ನು ಹಿಡಿದಿದೆ. ತಟ್ಟನೆ ಚಿಮ್ಮಿ ಬಂದರೆ ಎಲ್ಲೋ ಸೋರುತ್ತಿದೆ. ತಂತಿ ಹೊರಬರುವ ತೂತನ್ನು ಮೊದಲು ನೋಡಬೇಕು. ಅನಂತರ ಡಬ್ಬದ ಮೇಲೆ ಮಾಡಿದ ಪರೀಕ್ಷೆಯನ್ನೇ ಪೆಟ್ಟಿಗೆಯ ಮೇಲೂ ಮಾಡಿ ಶಿಖರವನ್ನು ಹುಡುಕಿ. ಹತ್ತಿ ತುಂಬುವ ಮುನ್ನ ಅದು 70ರ ಸುಮಾರಿನಲ್ಲಿ, ತುಂಬಿದ ಮೇಲೆ ಅದಕ್ಕಿಂತ ಕೊಂಚ ಕೆಳಗೆ ಇದ್ದರೆ ಲೆಕ್ಕ ಕೈಗೂಡಿತು.

ಮೇಲುಸ್ವರಗಳಿಗೆ ಚಿಕ್ಕದೊಂದು ಟ್ವೀಟರನ್ನು ಸೇರಿಸುವವರು ಅದಕ್ಕೆ ಧ್ರುವಭೇದವಿಲ್ಲದ 4.7 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಸಾಲಾಗಿ ಜೋಡಿಸಬೇಕು. 8 ಓಮ್ ಟ್ವೀಟರಿಗೆ ಇದು ಸುಮಾರು 4200 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ತಡೆದು ಅದನ್ನು ಕಾಪಾಡುತ್ತದೆ. ಪೆಟ್ಟಿಗೆಗಳನ್ನು ಗೋಡೆಗೆ ಹತ್ತಿರವಿಟ್ಟರೆ ತಗ್ಗುಸ್ವರ ಕೊಂಚ ಬಲಗೊಳ್ಳುತ್ತದೆ. ಆದರೆ ಗೋಡೆಗೆ ಗೋಡೆ ತಗುಲಿದ ವಠಾರಗಳಲ್ಲಿ ಆ ಸ್ವರವೇ ನೆರೆಮನೆಗೂ ದಾಟುವುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್.

ಎರಡು ಪೆಟ್ಟಿಗೆಗಳನ್ನು ಜೋಡಿಸುವ ಮುನ್ನ ಒಂದೂವರೆ ವೋಲ್ಟಿನ ಶುಷ್ಕಕೋಶವನ್ನು ಪ್ರತಿಯೊಂದರ ತಂತಿಗಳಿಗೂ ಕ್ಷಣಮಾತ್ರ ತಾಗಿಸಿ ನೋಡಿ. ಶಂಕು ಹೊರಕ್ಕೆ ನೆಗೆದಾಗ ಕೋಶದ ಧನಧ್ರುವಕ್ಕೆ ಹತ್ತಿದ್ದ ತಂತಿಗೆ ಕೆಂಪು ದಾರ ಕಟ್ಟಿ, ಎರಡು ಕೆಂಪು ತಂತಿಗಳನ್ನೂ ಆಂಪ್ಲಿಫೈಯರಿನ ಧನ ತುದಿಗಳಿಗೇ ಜೋಡಿಸಬೇಕು. ಒಂದು ತಲೆಕೆಳಗಾದರೆ ಒಂದು ಪೆಟ್ಟಿಗೆಯ ಶಂಕು ಹೊರಬರುವಾಗ ಇನ್ನೊಂದರದು ಒಳಸರಿಯುತ್ತದೆ. ಮೇಜಿನ ಮೇಲೆ ಬರಿದೆ ನುಡಿದ ಧ್ವನಿವರ್ಧಕದಂತೆಯೇ ಇವೂ ಒಂದರ ತಗ್ಗುಸ್ವರವನ್ನು ಮತ್ತೊಂದು ಅಳಿಸಿಹಾಕುತ್ತವೆ.